ಗಾಜಿನೊಳಗೆ ನಿಂತ ಸೋಮ

ಬಾಡಿಗೆಗೆ ಕೋಣೆ ತೋರಿಸಿದ ಗೌರಮ್ಮ ನನ್ನ ಜಾತಿ ಕೇಳಲಿಲ್ಲ, ಸಂಬಳ ಕೇಳಲಿಲ್ಲ, ಈ ವಯಸ್ಸಿನಲ್ಲೂ ಮದುವೆ ಯಾಕಾಗಿಲ್ಲ ಎಂದೂ ಕೇಳಲಿಲ್ಲ. ಇವೆಲ್ಲಕ್ಕೂ ಉತ್ತರ ಹೊಂದಿಸಿಕೊಂಡು ಬಂದಿದ್ದ ನನಗೆ ಅವರು ಹಾಕಿದ ಷರತ್ತು ಒಂದೇ.

"ಒಗ್ಗರಣೆ ಹಾಕೋಹಂಗಿಲ್ಲ ಕಣವ್ವ."

"ಘಾಟು ಆಗಂಗಿಲ್ಲೇನ್ರೀ?" ಎಂದೆ.

"ಘಾಟಲ್ಲ. ಹಬ್ಬ ನಡೀತೈತೆ."

ಬೀದಿಯಲ್ಲಿ ತೋರಣವಿರಲಿಲ್ಲ, ತಮಟೆಯ ಸದ್ದಿರಲಿಲ್ಲ. ಪಕ್ಕದ ಮನೆಯಿಂದ ಸಾಸಿವೆ ಸಿಡಿದ ವಾಸನೆ ಧಾರಾಳವಾಗಿ ಬರುತ್ತಿತ್ತು. ಇಡೀ ಊರಿನಲ್ಲಿ ಒಂದೇ ಒಂದು ಮನೆಯೊಳಗೆ ನಡೆಯುತ್ತಿರುವ ಹಬ್ಬ ಯಾವುದು ಎಂದು ಕೇಳುವ ಧೈರ್ಯ ಆ ದಿನ ನನಗೆ ಬರಲಿಲ್ಲ.

ನಮ್ಮ ಜೇವರ್ಗಿಯ ಕಡೆಯವರಿಗೆ ಇದರ ವಿಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗಾಗದೆ ನಮ್ಮಲ್ಲಿ ಬ್ಯಾಳಿ ಒಲೆಯಿಂದ ಇಳಿಯುವುದಿಲ್ಲ. ಚನ್ನಪಟ್ಟಣದಿಂದ ಹೊಂಗನೂರಿನ ಬಸ್ಸು ಹತ್ತಿ ನಡುವೆ ಇಳಿದರೆ ಸಿಗುವ ಈ ಊರಿನಲ್ಲಿ ನಾನು ಉಣ್ಣುತ್ತಿರುವುದು ರಾಗಿ ಮುದ್ದೆ ಮತ್ತು ಬೆಂದ ಅವರೆಕಾಳು. ಉಪ್ಪು, ಹುಣಸೆ, ಖಾರ, ಅಷ್ಟೇ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಬೇಗ ಕಲಿತೆ. ಸ್ವಲ್ಪ ಎನ್ನುವ ನಮ್ಮ 'ಜರ' ಇಲ್ಲಿ 'ಒಸಿ' ಆಗುತ್ತದೆ, ಅದನ್ನೂ ಕಲಿತೆ. ಅಲ್ಲಿ ಎರೆಮಣ್ಣಿನ ಬಯಲಿನಲ್ಲಿ ನಿಂತರೆ ಕಣ್ಣಿಗೆ ತಡೆಯೇ ಇಲ್ಲ. ಇಲ್ಲಿ ಯಾವ ದಿಕ್ಕಿಗೆ ತಿರುಗಿದರೂ ಒಂದು ಬಂಡೆ ಅಡ್ಡ ನಿಂತಿರುತ್ತದೆ. ಇದಕ್ಕೂ ಹೊಂದಿಕೊಂಡೆ. ಹೊಂದಿಕೊಳ್ಳಲಾಗದೆ ಉಳಿದದ್ದು ಆ ಷರತ್ತು ಒಂದೇ.

ಕಾರಣ ತಿಳಿದದ್ದು ಗೌರಮ್ಮನ ಮಗಳು ಸವಿತಾಳಿಂದ. ಅವಳು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಅಲ್ಲಿನ ಹೆಣ್ಣುಮಕ್ಕಳಿಗೆ ಕಾನೂನು ತಿಳಿಸುವ ಸಂಸ್ಥೆಯೊಂದರ ಕೆಲಸಕ್ಕಾಗಿಯೇ ನಾನು ಇಷ್ಟು ದೂರ ಬಂದದ್ದು. ಅವಳ ತಂದೆ ಕೆಂಪಯ್ಯನವರದು ಸೋಮ ಹೊರುವ ಮನೆ. ಸೋಮನೆಂದರೆ ಗ್ರಾಮದೇವತೆಯ ಮುಂದೆ ಕುಣಿಯುವ ಕಾವಲಿನವನು. ಅಗಲ ಕಣ್ಣಿನ ದೊಡ್ಡ ಮರದ ಮುಖ, ಸುತ್ತ ನವಿಲುಗರಿ, ಬೇವಿನ ಸೊಪ್ಪು, ಕೆಳಗೆ ಊರ ಹೆಂಗಸರು ಕೊಟ್ಟ ಸೀರೆಗಳ ನಿಲುವಂಗಿ. ಹಬ್ಬದ ಡಂಗುರ ಬಿದ್ದ ದಿನದಿಂದ ಊರಿನ ಯಾವ ಒಲೆಯ ಮೇಲೂ ಒಗ್ಗರಣೆ ಇಲ್ಲ, ಮದುವೆ ಇಲ್ಲ, ಊರಿನ ಗಡಿಯಾಚೆ ರಾತ್ರಿ ಉಳಿಯುವಂತಿಲ್ಲ. ಕೊನೆಯ ದಿನ ಸೋಮನನ್ನು ಹೊತ್ತವನು ತಾನೇ ಮುಖವನ್ನು ಇಳಿಸಿ ಬಿದಿರಿನ ಮಂಕರಿಯಲ್ಲಿ ಮಲಗಿಸುತ್ತಾನೆ. ಅವನ ಮನೆಯ ಹೆಂಗಸು ಮೊದಲ ಒಗ್ಗರಣೆ ಹಾಕುತ್ತಾಳೆ. ಆ ವಾಸನೆ ಹಿಡಿದು ಉಳಿದ ಮನೆಗಳು ಹಾಕುತ್ತವೆ. ಹಬ್ಬ ಮುಗಿಯುವುದು ಹಾಗೆ.

ಕೆಲವು ವರ್ಷಗಳ ಹಿಂದಿನ ಹಬ್ಬದಲ್ಲಿ, ಮೆರವಣಿಗೆಯ ಮುಂದೆ ಯಾರು ನಡೆಯಬೇಕೆಂದು ಊರಿನ ಎರಡು ಪಕ್ಷಗಳು ಬಡಿದಾಡಿಕೊಂಡವು. ಜಗಳ ಬಿಡಿಸಲು ಬಂದ ಪೊಲೀಸರು, ಇನ್ನು ಈ ವೇಷವೇ ಬೇಡವೆಂದು, ಕುಣಿಯುತ್ತಿದ್ದ ಕೆಂಪಯ್ಯನವರ ತಲೆಯ ಮೇಲಿಂದ ಸೋಮನನ್ನು ಕಿತ್ತು, ಸೀರೆಗಳನ್ನೂ ಬಿಚ್ಚಿಸಿ ಜೀಪಿನಲ್ಲಿ ನಿಲ್ಲಿಸಿಕೊಂಡು ಹೋದರು. ಪಕ್ಷಗಳು ರಾಜಿಯಾಗುವವರೆಗೆ ಕಾಪಾಡಲೆಂದು ಅದನ್ನು ಈ ಸೀಮೆಯ ಕಲಾ ಸಂಗ್ರಹಾಲಯವೊಂದಕ್ಕೆ ಒಪ್ಪಿಸಲಾಯಿತು. ಅಲ್ಲಿಗೆ ಹಬ್ಬ ಮುಗಿಯಿತೆಂದು ಊರು ತೀರ್ಮಾನಿಸಿ ಮರುದಿನವೇ ಒಗ್ಗರಣೆ ಹಾಕಿಕೊಂಡಿತು. ಕೆಂಪಯ್ಯ ಒಪ್ಪಲಿಲ್ಲ. ನಿಂತವನು ಮಲಗಿಲ್ಲ, ಆದ್ದರಿಂದ ಹಬ್ಬ ನಡೆಯುತ್ತಿದೆ.

ಇದು ಬರಿಯ ರುಚಿಯ ಪ್ರಶ್ನೆಯಾಗಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಸವಿತಾಳಿಗೆ ಮಾಗಡಿ ತಾಲೂಕಿನ ಒಬ್ಬ ಹುಡುಗ ಗೊತ್ತಾಗಿದ್ದ. ಎರಡೂ ಮನೆಯವರಿಗೆ ಒಪ್ಪಿಗೆಯಿತ್ತು, ಹುಡುಗ ಹುಡುಗಿಗೆ ಅದಕ್ಕಿಂತ ಹೆಚ್ಚು ಒಪ್ಪಿಗೆಯಿತ್ತು. ಧಾರೆ ಎರೆಯಬೇಕಾದ ತಂದೆ, ಹಬ್ಬ ಮುಗಿಯಲಿ ಎನ್ನುತ್ತಿದ್ದರು. ಹುಡುಗನ ಕಡೆಯವರು ತಾಳ್ಮೆಯಿಂದ ಕಾದು, ಈಗ ತಾಳ್ಮೆಗೆಡತೊಡಗಿದ್ದರು.

"ರಿಜಿಸ್ಟರ್ ಮದುವಿ ಆಗು. ಕಾನೂನು ನಿನ್ನ ಕಡಿ ಐತಿ," ಎಂದೆ.

"ಕಾನೂನು ನನ್ ಕಡೆ ಐತೆ ಅಕ್ಕ, ಅಪ್ಪ ಇಲ್ವಲ್ಲ. ಹಬ್ಬದ ನಡುವೆ ಗಡಿ ಆಚೆ ಒಂದ್ರಾತ್ರಿ ಉಳ್ಕೊಂಡೋಳು ಹಬ್ಬ ಮುಗಿಯೋಗಂಟ ಮನೆಗೆ ಬರೋಹಂಗಿಲ್ಲ. ಇದು ಯಾವಾಗ ಮುಗ್ದದು ಯೋಳಿ."

"ನೀ ಕ್ಯಾಂಟೀನಿನ್ಯಾಗಾದ್ರೂ ಚಂದಾಗಿ ಊಟ ಮಾಡ್ತೀ ಹೌದಿಲ್ಲೋ?"

"ಎಲ್ಲಿ. ಡಬ್ಬಿ ತಗೊಂಡೋಯ್ತೀನಿ. ಹುಡ್ಗೀರು 'ಬಂತು ಪೇಷೆಂಟ್ ಊಟ' ಅಂತವೆ." ನಕ್ಕಳು. "ರೂಢಿಯಾಗೈತೆ ಬುಡಿ."

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಫಲಕಗಳನ್ನು ಗೆದ್ದವಳು ನಾನು. ಎದುರು ಪಕ್ಷದ ವಾದವನ್ನು ಅವರಿಗಿಂತ ಚೆನ್ನಾಗಿ ಮಂಡಿಸಿ ಅನಂತರ ಖಂಡಿಸಬೇಕೆಂದು ನಮಗೆ ಕಲಿಸಿದ್ದರು. ಆದ್ದರಿಂದ ಕೆಂಪಯ್ಯನವರ ನಂಬಿಕೆಯನ್ನು ಅಲುಗಿಸುವ ಬದಲು ಅದರೊಳಗಿಂದಲೇ ದಾರಿ ಹುಡುಕಲು ನಿರ್ಧರಿಸಿದೆ. ಮೊದಲು ಎರಡೂ ಪಕ್ಷಗಳ ಹಿರಿಯರ ಬಳಿಗೆ ಹೋದೆ. ಒಬ್ಬರು ಕಾಫಿ ಕೊಟ್ಟರು, ಇನ್ನೊಬ್ಬರು ಎಳನೀರು ಕೊಟ್ಟರು. ಹೇಳಿದ ಮಾತು ಮಾತ್ರ ಒಂದೇ: "ಇರ್ಲಿ ಬುಡವ್ವ ಅಲ್ಲೇ. ನಮ್ಮೂರೆಸ್ರು ಬೋರ್ಡ್ ಮೇಲೈತೆ, ಜನ ದುಡ್ಡು ಕೊಟ್ಟು ನೋಡ್ತಾವ್ರೆ." ಯಾವ ವಿಷಯದಲ್ಲೂ ಕೂಡದ ಆ ಎರಡು ಪಕ್ಷಗಳು ಈ ಒಂದು ವಿಷಯದಲ್ಲಿ ಕೂಡಿಕೊಂಡಿದ್ದವು.

ಉಳಿದದ್ದು ಸಂಗ್ರಹಾಲಯ. ಅಲ್ಲಿ ಹಬ್ಬದ ವೇಷಗಳ ಪ್ರದರ್ಶನ ನಡೆಯುತ್ತಿತ್ತು. ಸೋಮನನ್ನು ಊರಿಗೆ ಕೊಡಲಾಗದಿದ್ದರೆ ಬೇಡ. ಒಂದು ಗಳಿಗೆ, ಅಲ್ಲಿಯೇ, ಕೆಂಪಯ್ಯನವರ ಕೈಯಿಂದ ಮಂಕರಿಯಲ್ಲಿ ಮಲಗಿಸಲು ಬಿಡಲಿ. ಆಮೇಲೆ ಬೇಕಾದರೆ ಮತ್ತೆ ನಿಲ್ಲಿಸಿಕೊಳ್ಳಲಿ. ಇದನ್ನು ಹೇಳಿದಾಗ ಕೆಂಪಯ್ಯ, "ಆಯ್ತದೆ. ಮಲಗಿದ್ರೆ ಸಾಕು. ಎಲ್ಲಿ ಮಲಗಿದ್ರೇನು," ಎಂದರು. ಈ ಊರಿಗೆ ಬಂದ ಮೇಲೆ ನಾನು ಗೆದ್ದ ಮೊದಲ ಚರ್ಚೆ ಅದು.

ಭಾನುವಾರ ನಾಲ್ವರೂ ಹೊರಟೆವು. ಕೆಂಪಯ್ಯ ಉಪವಾಸವಿದ್ದರು. ಗೌರಮ್ಮನ ಸೊಂಟದ ಮೇಲೆ ಹೊಸ ಮಂಕರಿ, ಸೆರಗಿನ ಗಂಟಿನಲ್ಲಿ ಸಾಸಿವೆ. ಬಸ್ಸಿನಲ್ಲಿ ಯಾರೋ, "ಏನಮ್ಮ, ಕೋಳಿ ತರೋಕ?" ಎಂದು ಕೇಳಿದರು.

"ಮಗಳ ಮದ್ವೆ ತರಕೆ," ಎಂದರು ಗೌರಮ್ಮ. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಂಗ್ರಹಾಲಯದ ಬಾಗಿಲಲ್ಲಿ ಕೆಂಪಯ್ಯ ಚಪ್ಪಲಿ ಬಿಟ್ಟರು. "ಹಾಕ್ಕೊಂಡೇ ಬರ್ಬೋದು ಯಜಮಾನ್ರೇ," ಎಂದ ಕಾವಲುಗಾರನನ್ನು ದಾಟಿ ಬರಿಗಾಲಲ್ಲಿ ನಡೆದರು. ಪೂಜಾ ಕುಣಿತದ ಬಿದಿರಿನ ಚಪ್ಪರ, ವೀರಗಾಸೆಯ ಕೆಂಪು, ಒಂದರ ಪಕ್ಕ ಒಂದು. ಒಂದು ಮೂಲೆಯಲ್ಲಿ, ವೀರಭದ್ರನ ಮುಂದೆ ಕುಣಿಯುವ ನಮ್ಮ ಕಡೆಯ ಪುರವಂತನೂ ನಿಂತಿದ್ದ. ಚಿಕ್ಕವಳಿದ್ದಾಗ ಅವನ ಕತ್ತಿಯ ಝಳಪಿಗೆ ಹೆದರಿ ಅವ್ವನ ಸೀರೆಯೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಈಗ ಫಲಕ ಓದಿ, ಅದರಲ್ಲಿನ ಒಂದು ತಪ್ಪನ್ನೂ ಗುರುತಿಸಿ ಮುಂದೆ ನಡೆದೆ. ಅಷ್ಟು ಸಲೀಸಾಗಿ ನಡೆದೆನಲ್ಲ ಎಂದು ಆಮೇಲೆ ಅನ್ನಿಸಿತು.

ಸೋಮ ಕೊನೆಯ ಕೋಣೆಯ ಗಾಜಿನೊಳಗಿದ್ದ. ಆಳೆತ್ತರದ ಬೊಂಬೆಯೊಂದಕ್ಕೆ ಸೀರೆಗಳನ್ನು ಉಡಿಸಿ, ತಲೆಯ ಮೇಲೆ ಮುಖವನ್ನು ಕೂರಿಸಿದ್ದರು. ಗೌರಮ್ಮ ಗಾಜಿಗೆ ಹಣೆ ತಾಗಿಸಿ ತಮ್ಮ ಹಸಿರು ಸೀರೆಯನ್ನು ಹುಡುಕಿದರು. "ಐತೆ," ಎಂದರು.

ಮೇಲ್ವಿಚಾರಕರು ಸೌಜನ್ಯದ ತರುಣ. ನಮ್ಮನ್ನು ಕೂರಿಸಿ ನೀರು ಕೊಟ್ಟರು. ನಾನು ಎದ್ದು ನಿಂತೇ ಮಾತಾಡಿದೆ. ವಸ್ತುವನ್ನು ಕಾಪಾಡುವುದೆಂದರೆ ಅದರ ಬಟ್ಟೆ ಬಣ್ಣಗಳನ್ನು ಮಾತ್ರ ಕಾಪಾಡುವುದಲ್ಲ. ಅದು ಏಳುವ ಮತ್ತು ಮಲಗುವ ಕ್ರಮವನ್ನೂ ಕಾಪಾಡುವುದು. ಎದ್ದವನನ್ನು ಮಲಗಲು ಬಿಡದ ಸಂಗ್ರಹಾಲಯ ಕಾಪಾಡುತ್ತಿರುವುದು ಸೋಮನನ್ನಲ್ಲ, ಸೋಮನ ಅರ್ಧವನ್ನು ಮಾತ್ರ. ಅವರು ತಲೆಬಾಗಿ ಕೇಳಿದರು. ಮೇಜಿನ ಖಾನೆಯಿಂದ ಬೀಗದಕೈ ತೆಗೆದರು.

"ಕಟ್ಟಡದಿಂದ ಆಚೆ ಒಯ್ಯೋ ಹಾಗಿಲ್ಲ ಮೇಡಂ. ಇಲ್ಲೇ ಅಂದ್ರೆ ಆಗಲಿ."

ಸವಿತಾ ನನ್ನ ಕೈ ಹಿಡಿದುಕೊಂಡಳು.

ಗಾಜು ಸರಿಯಿತು. ಮೇಲ್ವಿಚಾರಕರಿಗೆ ತಮ್ಮ ಕೆಲಸದ ಬಗ್ಗೆ ಸಹಜವಾದ ಅಭಿಮಾನವಿತ್ತು. "ಒಂದು ಸೀರೆನೂ ಬದಲಾಯಿಸಿಲ್ಲ ಯಜಮಾನ್ರೇ. ಬೇವು ಬಾಡಕ್ಕೆ ಬಿಡಲ್ಲ, ಹೊಸದು ಏರಿಸ್ತೀವಿ. ಧೂಪ ಹಾಕ್ತೀವಿ. ನಿಮ್ಮ ಕಡೆಯ ಕಲಾವಿದರನ್ನೇ ಕರೆಸಿ ಗೆಜ್ಜೆ ಕಟ್ಟಿಸಿದ್ವಿ," ಎಂದರು.

ಮಂಕರಿ ಹಿಡಿದು ಮುಂದೆ ಹೋಗಿದ್ದ ಕೆಂಪಯ್ಯ ನಿಂತುಬಿಟ್ಟರು. ಬೇವನ್ನು ನೋಡಿದರು. ಬೊಂಬೆಯ ಕಾಲಿನ ಗೆಜ್ಜೆ ನೋಡಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಬಂದರು.

"ಆಗಕ್ಕಿಲ್ಲ," ಎಂದರು.

"ಯಾಕ್ರೀ?" ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಮಲಗಿಸ್ರಿ. ಬಾಗಿಲು ತೆರದಾರಲ್ಲ."

"ಇವನ್ನ ಹೊತ್ತಿರೋನು ಈಗ ನಾನಲ್ಲ ಕಣವ್ವ. ಅವ್ನು."

"ಅದು ಬೊಂಬಿ ಅದರೀ."

"ಬೊಂಬೆ ಅಂತ ನಂಗೊತ್ತಿಲ್ವಾ? ಚನ್ನಪಟ್ಟಣದೋನು ನಾನು." ಅವರ ಮುಖದಲ್ಲಿ ನಗುವಿನಂಥದ್ದು ಬಂದು ಹೋಯಿತು. "ಬೇವು ಏರ್ಸವ್ರೆ, ಧೂಪ ಕೊಟ್ಟವ್ರೆ, ಗೆಜ್ಜೆ ಕಟ್ಟವ್ರೆ. ಇಷ್ಟಾದ್ಮೇಲೆ ಹೊತ್ತೋನು ಅವ್ನೇ. ಹೊತ್ತೋನೇ ಇಳಿಸ್ಬೇಕು. ನಾನ್ ತೆಗುದ್ರೆ ಕಿತ್ಕೊಂಡಂಗಾಯ್ತದೆ. ಅವತ್ತು ನನ್ ತಲೆಯಿಂದ ಅವ್ರು ಕಿತ್ಕೊಂಡ್ರಲ್ಲ, ಅಂಗೆ."

ಮೇಲ್ವಿಚಾರಕರು ಪೆಚ್ಚಾಗಿ, "ಬೇಕಾದ್ರೆ ಬೇವು, ಗೆಜ್ಜೆ ಎಲ್ಲ ಈಗಲೇ ತೆಗೆಸ್ತೀನಿ," ಎಂದರು.

"ತೆಗೀಬ್ಯಾಡಿ ಸ್ವಾಮಿ. ನಿಂತಿರೋ ಗಂಟ ಇರ್ಬೇಕು."

ಗೆಲ್ಲಬಹುದಾದ ಎಲ್ಲರನ್ನೂ ನಾನು ಗೆದ್ದಾಗಿತ್ತು. ಬಾಕಿ ಉಳಿದಿದ್ದವನು ಆ ಬೊಂಬೆ. ಅದಕ್ಕೆ ಕಿವಿ ಇರಲಿಲ್ಲ. ಒಂದು ಖಂಡನೆಗಾಗಿ ಹುಡುಕಿದೆ. ತನ್ನ ಮೇಲಾದ ಅನ್ಯಾಯವನ್ನು ಒಂದು ಬೊಂಬೆಯ ಮೇಲೂ ಮಾಡಲಾರೆ ಎನ್ನುವ ಮನುಷ್ಯನ ಮುಂದೆ ಯಾವ ಸುಧಾರಣೆಯ ಮಾತನ್ನು ಇಡಬೇಕು? ಅವರು ಹೇಳಿದ್ದರಲ್ಲಿ ಅಜ್ಞಾನವಿತ್ತೆಂದು ಇವತ್ತಿಗೂ ವಾದಿಸಬಲ್ಲೆ. ಅದರಲ್ಲಿ ಕೀಳಾದದ್ದೇನೂ ಇರಲಿಲ್ಲ, ಮತ್ತು ಅದೇ ಮಾತು ಸವಿತಾಳ ಬದುಕಿಗೆ ಬೀಗ ಹಾಕಿತು. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹಿಡಿಯುವುದನ್ನು ನನಗೆ ಯಾವ ವೇದಿಕೆಯೂ ಕಲಿಸಿಲ್ಲ.

ಮಗಳು ತಂದೆಯ ಕೈಯಿಂದ ಮಂಕರಿ ತೆಗೆದುಕೊಂಡಳು. "ಬಾಪ್ಪ, ಬಸ್ ಓಗ್ಬುಡ್ತದೆ," ಎಂದಳು.

ಆ ಸಂಜೆ ಗೌರಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದು ಸೆರಗಿನ ಗಂಟು ಬಿಚ್ಚಿದರು. ಸಾಸಿವೆಯನ್ನು ನನ್ನ ಒಲೆಯ ಪಕ್ಕದ ಬಟ್ಟಲಿಗೆ ಸುರಿದರು.

"ನೀನು ಹಾಕ್ಕೊ ಕಣವ್ವ ಒಗ್ಗರಣೆಯ. ಇದಿನ್ನು ಮುಗಿಯೋದಲ್ಲ. ನಮ್ ಕಟ್ಟು ನಿಂಗ್ಯಾಕೆ, ನೀ ಒರಗಿನೋಳು."

ಬಂದ ಹೊಸದರಲ್ಲಿ ಈ ಅನುಮತಿಗಾಗಿ ಎಷ್ಟು ತರ್ಕ ಹೂಡಿದ್ದೆ. ಈಗ ಅವರು ಅದನ್ನು ಮರುಕದಿಂದ ಕೊಟ್ಟರು. ನಾನು ಒಲೆ ಹಚ್ಚಲಿಲ್ಲ. ನನಗೆ ನಂಬಿಕೆಯಿಲ್ಲ, ಆದರೂ ಹಚ್ಚಲಿಲ್ಲ.

ರಜೆಗೆ ಜೇವರ್ಗಿಗೆ ಬಂದಿದ್ದೇನೆ. ಇಲ್ಲಿಯವರೆಗಿನದನ್ನು ಬರೆದದ್ದು ಆ ಊರಿನಲ್ಲಿ, ಈ ಕೊನೆಯ ಪುಟ ಬರೆಯುತ್ತಿರುವುದು ಅವ್ವನ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು. ಬೆಳಿಗ್ಗೆ ಸವಿತಾ ಫೋನ್ ಮಾಡಿದ್ದಳು. ಮಾಗಡಿಯ ಹುಡುಗನಿಗೆ ಬೇರೆ ಕಡೆ ಗೊತ್ತಾಯಿತಂತೆ. ಕನಕಪುರದ ಕಡೆಯ ಹೆಣ್ಣಂತೆ. ಕಂಪನಿ ಬಸ್ಸು ತಡವಾಯಿತು ಎನ್ನುವ ದನಿಯಲ್ಲಿ ಹೇಳಿದಳು. ಅಷ್ಟರಲ್ಲಿ ಬೆನ್ನ ಹಿಂದೆ ಅವ್ವ ಬ್ಯಾಳಿಗೆ ಒಗ್ಗರಣೆ ಕೊಟ್ಟಳು.

"ಅಕ್ಕ, ಏನದು ಸದ್ದು? ಸಾಸ್ವೆನಾ?"

"ಹೂಂ."

"ಒಸಿ ಹೊತ್ತು ಫೋನ್ ಅಲ್ಲೇ ಇಡ್ಕಳಿ."

ಎದ್ದು ಹೋಗಿ ಒಲೆಯ ಹತ್ತಿರ ಹಿಡಿದೆ. ಸಿಡಿಯುವುದು ಕಡಿಮೆಯಾಗುತ್ತ ಬಂದು ಎಣ್ಣೆಯ ಸಣ್ಣ ಸದ್ದಷ್ಟೇ ಉಳಿಯಿತು. ಆ ಕಡೆ ಅವಳು ಫೋನು ಇನ್ನೂ ಇಟ್ಟಿರಲಿಲ್ಲ.

"ಯಾರಿಗಿ ಕೇಳಸ್ಲಕತ್ತಿ?" ಎಂದಳು ಅವ್ವ.

"ನಮ್ಮ ಮನಿ ಹುಡುಗಿಗಿ," ಎಂದೆ.

ಅವ್ವ ಸೌಟು ಹಿಡಿದು ನನ್ನನ್ನೇ ನೋಡುತ್ತ ನಿಂತಳು. ಆಮೇಲೆ ಒಲೆಯ ಮೇಲೆ ಇನ್ನೊಮ್ಮೆ ಎಣ್ಣೆ ಇಟ್ಟಳು.