ಇಪ್ಪತ್ತೈದು ಮೀಟರಿನ ಬಾವಿ

ಮೊನ್ನೆ ಸಂಜೆ ಮಗಳ ರಸಾಯನಶಾಸ್ತ್ರದ ಹೊಸ ಗೈಡು ಕೈಗೆ ಬಂತು. ನಾನು ತೆರೆದದ್ದು ಹಿಂದಿನಿಂದ. ಗೈಡನ್ನು ಮುಂದಿನಿಂದ ತೆರೆಯುವವರು ಅದನ್ನು ಅಚ್ಚು ಹಾಕಿದವರು ಮಾತ್ರ ಎಂಬುದು ನನ್ನ ನಂಬಿಕೆ. ಉತ್ತರಗಳಿರುವುದು ಕೊನೆಯ ಪುಟಗಳಲ್ಲಿ, ಅಂಟಿನ ಘಾಟೂ ಅಲ್ಲೇ ಹೆಚ್ಚು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಶಿಕಾರಿಪುರದ ನಮ್ಮ ಪಿಯುಸಿ ತರಗತಿ ನೆನಪಾಯಿತು.

ನಾವು ಲೆಕ್ಕ ಬಿಡಿಸುತ್ತಿದ್ದ ಕ್ರಮ ನಿಮಗೂ ಗೊತ್ತಿರಬಹುದು, ಗೊತ್ತಿಲ್ಲದವರಂತೆ ನಟಿಸಬೇಡಿ. ಮೊದಲು ಹಾಳೆಯ ಕೆಳಗೆ ಗೈಡಿನ ಉತ್ತರ ಬರೆದು ಗೆರೆ ಎಳೆಯುವುದು. ಆಮೇಲೆ ಪ್ರಶ್ನೆಯಲ್ಲಿದ್ದ ಅಂಕಿಗಳನ್ನೆಲ್ಲ ಮೇಲೆ ಇಳಿಸಿಕೊಳ್ಳುವುದು. ನಡುವೆ ಉಳಿದ ಜಾಗದಲ್ಲಿ ವಿಜ್ಞಾನ. ಅದು ಎಲ್ಲಾದರೂ ಸಿಕ್ಕಿಕೊಂಡರೆ ‘ಆದ್ದರಿಂದ’ ಎಂಬುದರ ಗುರುತಾಗಿ ಮೂರು ಚುಕ್ಕೆ ಇಟ್ಟರಾಯಿತು. ಎಂಥ ಅಂಕಿಯೂ ಮರುಮಾತಿಲ್ಲದೆ ಮುಂದಿನ ಸಾಲಿಗೆ ದಾಟುತ್ತಿತ್ತು. ಭೌತಶಾಸ್ತ್ರದ ಮೇಷ್ಟ್ರು ಕೊನೆಯ ಸಾಲು ನೋಡಿ ಟಿಕ್ ಹಾಕುವರು. ಅವರ ಕೈಯಲ್ಲಿದ್ದದ್ದೂ ಅದೇ ಗೈಡು.

ಒಮ್ಮೆ ಬಾವಿಯ ಲೆಕ್ಕ ಬಂತು. ಕೈಬಿಟ್ಟ ಕಲ್ಲು ಎರಡು ಸೆಕೆಂಡಿಗೆ ನೀರು ಮುಟ್ಟಿದರೆ ನೀರು ಎಷ್ಟು ಆಳದಲ್ಲಿದೆ? ಗುರುತ್ವ, ಅಂದರೆ ಭೂಮಿಯ ಎಳೆತ, ಹತ್ತು ಎಂದುಕೊಳ್ಳಿ. ಗೆಳತಿ ಗಿರಿಜಾಳ ಈಸೂರಿನ ಬಸ್ಸು ಬರುವವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಇಬ್ಬರೂ ಮಾಡಿದೆವು. ಇಬ್ಬರಿಗೂ ಇಪ್ಪತ್ತು ಮೀಟರ್ ಬಂತು. ಗೈಡಿನಲ್ಲಿ ಇಪ್ಪತ್ತೈದು ಎಂದಿತ್ತು. ಅದು ಅಚ್ಚಿನ ತಪ್ಪು. ಆದರೆ ಅಚ್ಚಾದದ್ದು ತಪ್ಪಾಗುವುದುಂಟೇ?

ಮರುದಿನದ ಹೊತ್ತಿಗೆ ಇಡೀ ತರಗತಿ ಸೇರಿ ಆ ಬಾವಿಯನ್ನು ಇನ್ನೈದು ಮೀಟರ್ ತೋಡಿಬಿಟ್ಟಿತ್ತು. ಒಬ್ಬ ಬಾವಿಕಟ್ಟೆಯೇ ಐದು ಮೀಟರ್ ಎತ್ತರ ಎಂದು ಬರೆದಿದ್ದ. ಅವನ ಮನೆಯವರಿಗೆ ನೀರು ಸೇದಲು ಏಣಿ ಬೇಕಾಗುತ್ತಿತ್ತು. ನಾನು ಗುರುತ್ವವನ್ನೇ ಹನ್ನೆರಡೂವರೆಗೆ ಏರಿಸಿದೆ. ಶಿಕಾರಿಪುರದ ಮಣ್ಣಿನ ಎಳೆತ ಸ್ವಲ್ಪ ಜಾಸ್ತಿ ಎಂದು ಸಮಾಧಾನ ಮಾಡಿಕೊಂಡೆ. ಎಲ್ಲರಿಗೂ ಟಿಕ್ ಬಿತ್ತು. ಗಿರಿಜಾ ಮಾತ್ರ ಇಪ್ಪತ್ತು ಎಂದೇ ಬರೆದಿದ್ದಳು.

“ಎಲ್ರಿಗೂ ಇಪ್ಪತ್ತೈದು ಬಂದೈತಿ. ನಿನ್ನ ಬಾವ್ಯಾಗ ಮಾತ್ರ ನೀರು ಮೇಲೆ ಬಂದೈತೇನಮ್ಮಾ?” ಎಂದರು ಮೇಷ್ಟ್ರು. ತರಗತಿ ನಕ್ಕಿತು. ನಾನೂ ನಕ್ಕೆ.

ಗಿರಿಜಾ ನನ್ನತ್ತ ಕೈ ತೋರಿಸಿದಳು. “ಸಾರ್, ಇವಳಿಗೂ ನಿನ್ನೆ ಇಪ್ಪತ್ತೇ ಬಂದಿತ್ತು.”

“ಹೌದೇನಮ್ಮಾ?”

“ಇಲ್ಲ ಸಾರ್,” ಎಂದೆ.

ವಾರದೊಳಗೆ ಅವಳ ಅಪ್ಪ ಕಾಲೇಜಿಗೆ ಬಂದು, ಮೇಷ್ಟ್ರ ಮಾತು ಕೇಳಿ, ಮಗಳನ್ನು ಕಲಾ ವಿಭಾಗಕ್ಕೆ ಬದಲಾಯಿಸಿ ಹೋದರು. ನಾನು ಮೂರು ಚುಕ್ಕೆಗಳ ಬಲದಿಂದಲೇ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಸೊರಬಕ್ಕೆ ಬಂದು, ಬೀದಿಗೆಲ್ಲ ‘ಸೈನ್ಸ್ ಓದಿದವ್ರು’ ಆದೆ. ಯಾರ ಮನೆಯ ಮಿಕ್ಸಿ ನಿಂತರೂ ನನ್ನನ್ನೇ ಕರೆಯುತ್ತಾರೆ. ನಾನೂ ಹೋಗಿ ಗಂಭೀರವಾಗಿ ನೋಡಿ ಬರುತ್ತೇನೆ. ಗಿರಿಜಾ ಈಗ ಉಳವಿಯಲ್ಲಿ ಇತಿಹಾಸದ ಟೀಚರು. ಮದುವೆಮನೆಗಳಲ್ಲಿ ಸಿಕ್ಕಾಗ ಸೀರೆಯ ವಿಷಯ ಮಾತಾಡುತ್ತೇವೆ, ಬಾವಿಯ ವಿಷಯ ಇಬ್ಬರೂ ಎತ್ತುವುದಿಲ್ಲ.

ಗೈಡು ಹಿಡಿದು ಕೂತಿದ್ದವಳನ್ನು ಮಗಳು ಎಚ್ಚರಿಸಿದಳು. “ಅಮ್ಮಾ, ಮೂವತ್ತಾರು ಗ್ರಾಂ ನೀರಿಗೆ ನಂಗೆ ಎರಡು ಮೋಲ್ ಬರ್ತಿದೆ. ಗೈಡಲ್ಲಿ ಮೂರು ಅಂತಿದೆ. ಹೊಂದಿಸಿ ಬರೀಲಾ?”

ಹದಿನೆಂಟು ಗ್ರಾಂ ನೀರಿಗೆ ಒಂದು ಮೋಲ್, ಎರಡೇ ಸರಿ. ಅಷ್ಟು ನನಗೂ ಗೊತ್ತು. ಆದರೂ ‘ಬರಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಎದ್ದು ಜಗಲಿಗೆ ಹೋಗಿ ಗಿರಿಜಾಗೆ ಫೋನ್ ಮಾಡಿದೆ.

“ಅವತ್ತು ನಂಗೂ ಇಪ್ಪತ್ತೇ ಬಂದಿತ್ತು ಕಣೇ,” ಎಂದೆ.

“ನಂಗೆ ಗೊತ್ತಿಲ್ವೇನೇ? ಪಕ್ಕದಲ್ಲೇ ಕೂತಿದ್ನಲ್ಲ. ನೀನು ಹೇಳ್ಬೇಕಿದ್ದಿದ್ದು ನಮ್ಮಪ್ಪಂಗೆ. ಮಗಳಿಗೆ ಲೆಕ್ಕ ತಲೆಗೆ ಹತ್ತಲ್ಲ ಅಂತ್ಲೇ ನಂಬ್ಕಂಡಿದ್ರು, ಸಾಯೋತಂಕ.”

ಫೋನ್ ಇಟ್ಟೆ. ಒಳಗೆ ಬಂದರೆ ಮಗಳು ಮೂರು ಎಂದೇ ಬರೆದು ನೋಟ್‌ಬುಕ್ ಮುಚ್ಚಿಟ್ಟಾಗಿತ್ತು. ಯಾರ ಮಗಳು ಹೇಳಿ.

“ತೆಗಿ. ಎರಡು ಅಂತ ಬರಿ,” ಎಂದೆ.

“ಸಾರ್ ಒಪ್ಪದಿದ್ರೆ?”

“ನಾಳೆ ನಾನೇ ಕ್ಲಾಸಿಗೆ ಬಂದು ಹೇಳ್ತೀನಿ.”

“ಬೇಡಮ್ಮಾ. ಎಲ್ರ ಮುಂದೆ ನಮ್ ಮರ್ಯಾದೆ ಹೋಗುತ್ತೆ.”

“ಹೋಗ್ಲಿ,” ಎಂದೆ.