ಆಮದಾರರ ಬಗಲ ಕಿಸೆ

ಮೊನ್ನೆ ಮನೆಗೆ ಹೊಸ ಕ್ಯಾಲೆಂಡರ್ ಬಂತು. ಮುಂಬೈ ಸರಕಾರಕ್ಕೆ ಸೇರಿದ ನಮ್ಮ ಗಡಿ ಕಡೆ ಶಾಸಕರಿಗೆ ಆಮದಾರರು ಅನ್ನುವುದು ನಿಮಗೆ ಗೊತ್ತೇ ಇದೆ. ಅವರ ಮನೆಯಿಂದ ವರ್ಷ ವರ್ಷ ಬರುವ ಕ್ಯಾಲೆಂಡರ್ ಅದು. ಈ ಸಲ ಅದರಲ್ಲಿ ಮಗನ ಫೋಟೋ ದೊಡ್ಡದು. ಹೋದ ವರ್ಷ ತೀರಿಕೊಂಡ ತಂದೆ, ನಮ್ಮ ಹಳೆಯ ಆಮದಾರರು, ಮೂಲೆಯಲ್ಲಿ ಹುಣಸೆ ಬೀಜದಷ್ಟಾಗಿದ್ದಾರೆ. ನಾನು ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದು ಅವರ ಮುಖವನ್ನಲ್ಲ, ಅಂಗಿಯ ಕಾಲರನ್ನು. ಮೊಮ್ಮಕ್ಕಳೇ, ಅದು ನಿಮ್ಮ ಮುತ್ಯಾ ಹೊಲಿದದ್ದೇ.

ಮುತ್ಯಾ ಆ ಆಮದಾರರಿಗೆ ಮೂವತ್ತು ವರ್ಷ ಅಂಗಿ ಹೊಲಿದರು. ಕಾಜ, ಗುಂಡಿ, ಅಂಚು ನನ್ನ ಪಾಲಿನ ಕೆಲಸ. ಆ ಮನುಷ್ಯ ಸೈಕಲ್ ಮೇಲೆ ಬರುತ್ತಿದ್ದಾಗಿನಿಂದ ನಾವು ಬಲ್ಲೆವು. ಆಮೇಲೆ ಜೀಪು ಬಂತು, ಆಮೇಲೆ ಹಿಂದೆ ಮುಂದೆ ನಾಲ್ಕು ಗಾಡಿಗಳು ಬಂದವು. ಅವರ ಜೀವನಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಮುತ್ಯಾನ ಅಳತೆ ಪುಸ್ತಕ ನೋಡಬೇಕು. ಮೊದಲ ಸಲ ಆರಿಸಿ ಬಂದಾಗ ಹೊಟ್ಟೆಗಿಂತ ಎದೆ ಮುಂದಿತ್ತು. ಮೂರನೆಯ ಸಲಕ್ಕೆ ಎರಡೂ ಸಮ ಆದವು. ಐದನೆಯ ಸಲ ಮುತ್ಯಾ ಟೇಪಿನ ತುದಿ ಹಿಡಿದು ಅವರನ್ನು ಒಂದು ಸುತ್ತು ಹಾಕಬೇಕಾಯಿತು.

ನಾನು ಅವರೆದುರು ಬರುತ್ತಿರಲಿಲ್ಲ. ಬಾಗಿಲ ಹಿಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದೆ. ಮಾತಾಡದವರಿಗೆ ನೋಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ನೋಡುತ್ತ ನೋಡುತ್ತ ಸಂಶಯ ಬೆಳೆಯುತ್ತದೆ. ಊರಿನ ಎಲ್ಲರ ಹೆಸರೂ ಅವರಿಗೆ ಬಾಯಿಪಾಠ. ಜೀಪಿನಲ್ಲಿ ಯಾರೋ ಹೇಳಿಕೊಟ್ಟಿರುತ್ತಾರೆ ಎಂದುಕೊಳ್ಳುತ್ತಿದ್ದೆ. ಯಾರ ಮನೆಯಲ್ಲಿ ಸಾವಾದರೂ ಬಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಕರವಸ್ತ್ರ ಒದ್ದೆಯಾಗಿದೆಯೇ ಎಂದು ನಾನು ಇಣುಕಿ ನೋಡುತ್ತಿದ್ದೆ. ಒಮ್ಮೆ ಹೊರಗಿನಿಂದಲೇ, ಅತ್ತಿಗೆಯನ್ನು ಕೇಳುವಂತೆ, ನನ್ನನ್ನು ಕೇಳಿದರು:

"ವೈನಿ, ಎಮ್ಮಿ ಈಯ್ತೇನ್ರಿ?"

ಅವರು ಹೋದ ಮೇಲೆ ಮುತ್ಯಾ, "ನೋಡ, ನಮ್ಮ ಎಮ್ಮೀನೂ ನೆನಪಿಟ್ಟಾರ" ಎಂದರು.

"ಎಮ್ಮಿಗೂ ಓಟ ಐತೇನೋ, ಕೇಳಬೇಕಾಗಿತ್ತು."

"ನಿನ್ನ ಮುಂದ ದೇವ್ರ ಬಂದ್ ನಿಂತ್ರೂ ರೇಶನ್ ಕಾರ್ಡ ತೋರ್ಸು ಅಂತಿ ನೀ."

ಇನ್ನು ಕಿಸೆಯ ಸಂಗತಿ. ಎರಡನೆಯ ಸಲ ಗೆದ್ದ ಮೇಲೆ ಅವರು ಮುತ್ಯಾನ ಮುಂದೆ ಒಂದು ಹೊಸ ಬೇಡಿಕೆ ಇಟ್ಟರು. "ಮಾಸ್ತರ, ಎದಿ ಮ್ಯಾಲಿನ ಕಿಸೆ ಇರ್ಲಿ. ಬಗಲಾಗ ಇನ್ನೊಂದ ಇಡ್ರಿ, ಕೈ ಮುಣಗೂವಷ್ಟ ಆಳ." ಅಂದಿನಿಂದ ಜನ ಕೊಟ್ಟ ಕೆಲವು ಅರ್ಜಿಗಳನ್ನು ಅವರು ನಿಂತಲ್ಲೇ ಓದಿ ಎದೆಯ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಇನ್ನು ಕೆಲವನ್ನು ಸುಮ್ಮನೆ ಬಿಚ್ಚಿ, ಮಡಚಿ, ಬಗಲ ಕಿಸೆಗೆ ಇಳಿಸುತ್ತಿದ್ದರು. ಊರಿನಲ್ಲಿ ಒಂದು ಮಾತೇ ಹುಟ್ಟಿತು: "ಮ್ಯಾಲಿನ ಕಿಸೆ ಮುಂಬೈಕ, ಬಗಲ ಕಿಸೆ ಅಗಸರ ಕಟ್ಟೀಗಿ."

ಮೇಲಿನ ಕಿಸೆಯ ಅರ್ಜಿ ಸರಕಾರದ ತನಕ ಹೋಗುತ್ತದೆ, ಬಗಲ ಕಿಸೆಯದು ಅಂಗಿಯ ಜೊತೆ ಒಗೆತಕ್ಕೆ ಹೋಗುತ್ತದೆ ಎಂದು. ನಾನು ಅದನ್ನು ನಂಬಿದೆ. ನಂಬಲು ಕಾರಣವೂ ಇತ್ತು. ಒಮ್ಮೆ ಅಂಚು ಹರಿದ ಅಂಗಿ ದುರಸ್ತಿಗೆ ಬಂದಾಗ ಅದರ ಬಗಲ ಕಿಸೆಯಲ್ಲಿ ಕಾಗದದ ಒಂದು ಮುದ್ದೆ ಸಿಕ್ಕಿತು. ನೀರಲ್ಲಿ ತೊಯ್ದು, ಒಣಗಿ, ನೀಲಿ ಬಣ್ಣಕ್ಕೆ ತಿರುಗಿತ್ತು. ಮುತ್ಯಾನಿಗೆ ತೋರಿಸಿದೆ.

"ಬಸ್ಸಿನ ಟಿಕೀಟ ಇರಬೇಕ."

"ಆಮದಾರ್ರು ಬಸ್ಸ ಹತ್ತಿದ್ದು ಯಾವಾಗ?"

ಮುತ್ಯಾ ಮಷೀನು ತುಳಿಯತೊಡಗಿದರು. ಮಾತು ಬೇಡವಾದಾಗ ಅವರು ಮಷೀನು ತುಳಿಯುವವರು.

ನಿಮ್ಮ ಅವ್ವ ಕಸ್ತೂರಿ ಏಳನೇ ತರಗತಿ ಮುಗಿಸಿದಳು. ನಮ್ಮೂರಿನ ಕನ್ನಡ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ನಾನೂ ಅಲ್ಲಿಯವರೆಗೇ ಕಲಿತವಳು. ಎಂಟನೇ ತರಗತಿ ಬೇಕೆಂದು ತಾಯಂದಿರು ಅರ್ಜಿ ಕೊಡಲಿ ಎಂದು ಹೆಡ್ ಮಾಸ್ತರರು ಹೇಳಿದರು. ಬೇರೆ ಯಾರೂ ಮುಂದೆ ಬರಲಿಲ್ಲ. ನಾನು ಮೂರು ದಿನ ಕೂತು ಎಂಟು ಸಾಲು ಕನ್ನಡದಲ್ಲಿ ಬರೆದೆ. ಆಮದಾರರು ಅಂಗಿ ಒಯ್ಯಲು ಬಂದ ದಿನ, ಜನ್ಮದಲ್ಲಿ ಮೊದಲ ಸಲ ಬಾಗಿಲು ದಾಟಿ ಬಂದು ಅವರ ಕೈಗೆ ಕೊಟ್ಟೆ. ಅವರು ಬಿಚ್ಚಿ ನೋಡಿದರು. ಮಡಚಿದರು. ಬಗಲ ಕಿಸೆಗೆ ಹಾಕಿದರು.

"ಆಗ್ತೈತ್ರಿ ವೈನಿ. ಮುಂದಿನ ವರ್ಷ ಎಂಟನೇತ್ತ ತರಸ್ತೀನಿ. ಹುಡಗೀನ ಸಾಲಿ ಬಿಡಸಬ್ಯಾಡ್ರಿ."

ನಾನು ಕೇಳಿಸಿಕೊಳ್ಳಲಿಲ್ಲ, ಅವರ ಕೈಯನ್ನು ಮಾತ್ರ ನೋಡುತ್ತಿದ್ದೆ.

ಒಂದು ವರ್ಷ ಹುಡುಗಿಯರನ್ನು ಏಳನೆಯಲ್ಲೇ ಕೂಡಿಸಿಕೊಳ್ಳುತ್ತೇನೆ ಎಂದರು ಹೆಡ್ ಮಾಸ್ತರರು. ಇಬ್ಬರು ತಾಯಂದಿರು ಒಪ್ಪಿದರು. ನಾನು ಕಸ್ತೂರಿಯ ಹೆಸರು ತೆಗೆಸಿ, ಶಾಲೆ ಬಿಟ್ಟ ದಾಖಲೆಯನ್ನು ಮನೆಗೆ ತಂದೆ.

"ಒಂದ್ ವರ್ಷ ಕಾಯೂನು, ಏನ್ ಹೋಗ್ತೈತಿ?" ಎಂದರು ಮುತ್ಯಾ.

"ಆ ಕಿಸೇದ ಅಂಚ ಹೊಲದಾಕಿ ನಾನು. ಅದರಾಗ ಬಿದ್ದದ್ದು ಹೊರಗ ಬರೂದಿಲ್ಲ."

ಮುಂದಿನ ಜೂನ್‌ನಲ್ಲಿ ಎಂಟನೇ ತರಗತಿ ಬಂತು. ಕಸ್ತೂರಿ ಪಾಟಿಚೀಲ ತೊಳೆದು ಒಣಹಾಕಿದಳು.

"ಅವ್ವಾ, ನಾನೂ ಹೋಗ್ಲಿ?"

"ಚುನಾವಣಿ ಸನೇಕ ಬಂದೈತಿ, ಅದಕ್ಕ ತಂದಾರ. ಓಟ ಮುಗೀಲಿ, ಬಾಗಲಾ ಹಾಕ್ತಾರ ನೋಡ" ಎಂದೆ.

ಓಟು ಮುಗಿಯಿತು. ಬಾಗಿಲು ಹಾಕಲಿಲ್ಲ. ಒಂಬತ್ತು, ಹತ್ತೂ ಬಂದವು. ಕಾದು ಕೂತ ಹುಡುಗಿಯರಲ್ಲಿ ಒಬ್ಬಳು ಇವತ್ತು ನರ್ಸ್. ನಿಮ್ಮ ಅವ್ವ ಮದುವೆಯಾಗುವವರೆಗೆ ನನ್ನ ಪಕ್ಕದಲ್ಲಿ ಕೂತು ಕಾಜ ಮಾಡಿದಳು. ಆಮದಾರ ನಮಗೆ ಒಂದು ವರ್ಷ ತಡ ಮಾಡಿ ಮೋಸ ಮಾಡಿದ ಎಂದು ನಾನೇ ಅವಳಿಗೆ ಹೇಳುತ್ತ ಬಂದೆ. ಅವಳು ಅದನ್ನೇ ನಂಬಿದ್ದಾಳೆ. ಅವರ ಹೆಸರು ಎತ್ತಿದರೆ ಇವತ್ತಿಗೂ ಅವಳ ಮುಖ ಗಂಟಾಗುತ್ತದೆ.

ಮುತ್ಯಾ ತೀರಿಹೋದ ಮೂರನೆಯ ದಿನ ಆಮದಾರರು ಕೋಲೂರಿಕೊಂಡು ಬಂದರು. ಚುನಾವಣೆಗೆ ನಿಲ್ಲುವುದನ್ನು ಆಗಲೇ ಬಿಟ್ಟಿದ್ದರು. ಜೊತೆಗೆ ಯಾರೂ ಇರಲಿಲ್ಲ. ಕಂಬಳಿಯ ಮೇಲೆ ಕೂತರು. ಕಸ್ತೂರಿ ಹಿತ್ತಿಲಲ್ಲಿ ಹೆಂಗಸರ ನಡುವೆ ಇದ್ದಳು.

"ನಮ್ಮ ಟೇಲರ್ ಮಾಸ್ತರ ಒಬ್ಬಗ ಗೊತ್ತಿತ್ರಿ ವೈನಿ," ಎಂದರು. "ನಾ ಮರಾಠಿ ಸಾಲಿ ಕಲ್ತಾಂವ. ಕನ್ನಡ ಮಾತಾಡ್ತೀನಿ, ಓದಾಕ ಬರೂದಿಲ್ಲ. ಓಟ ಕೊಟ್ಟ ಮಂದಿ ಮುಂದ ಅದನ್ನ ಹೆಂಗ ಹೇಳ್ಲಿ? ಕನ್ನಡ ಅರ್ಜಿ ಎಲ್ಲಾ ಬಗಲ ಕಿಸೇಕ ಹಾಕೊಂಡ ಮನಿಗಿ ಒಯ್ತಿದ್ದೆ. ನಮ್ಮಾಕಿ ಇಂಡಿ ಕಡಿಯಾಕಿ, ಕನ್ನಡ ಸಾಲಿ ಕಲ್ತಾಕಿ, ಆಕಿ ಓದಿ ಹೇಳ್ತಿದ್ಲು. ನಿಮ್ಮದನ್ನ ಎರಡ ಸಲ ಓದಿಸೇನಿ."

ಆಮೇಲೆ ಕೇಳಿದರು, "ಹುಡಗಿ ಎಲ್ಲೀತನಕ ಕಲತ್ಳು?"

"ಹತ್ತನೇತ್ತ ಪಾಸ್ ಆದ್ಳ್ರಿ" ಎಂದೆ.

"ಭಾಳ ಚಲೋ ಆತು" ಎಂದು ಎರಡೂ ಕೈ ಮುಗಿದು ಎದ್ದರು.

ಇದೂ ಕಟ್ಟಿದ ಮಾತೇ ಇರಬಹುದೇ ಎಂದು ಆಮೇಲೆ ಎಷ್ಟೋ ದಿನ ತೂಗಿ ನೋಡಿದೆ. ಹಾಗಾದರೆ ಆ ನೀಲಿ ಮುದ್ದೆ ಯಾರ ಅರ್ಜಿ? ಅದಕ್ಕೆ ಉತ್ತರ ಸಿಕ್ಕಿಲ್ಲ. ಆದರೆ ಓಟು ಬೇಡದ ಮುದುಕ ನನ್ನ ಮುಂದೆ ಸುಳ್ಳು ಹೇಳಿ ಪಡೆಯುವುದೇನು? ಅವತ್ತು ಆ ಕಂಬಳಿಯ ಮೇಲೆ ಸುಳ್ಳು ಹೇಳಿದವಳು ನಾನು.

ಮುತ್ಯಾನ ಮೇಲೂ ಒಂದು ಸಂಶಯ ಉಳಿದಿದೆ. ಗಿರಾಕಿಯ ಅಳತೆ ಹೆಂಡತಿಗೂ ಹೇಳಬಾರದು ಎನ್ನುತ್ತಿದ್ದರು. ಗಿರಾಕಿಯ ಗುಟ್ಟನ್ನೂ ಹಾಗೆಯೇ ಕಾದರು. ಮಗಳ ಶಾಲೆ ತಪ್ಪುತ್ತಿದ್ದಾಗ ಒಂದು ಮಾತು ಬಾಯಿ ಬಿಡಬಹುದಿತ್ತಲ್ಲ? ಹೇಳಿದ್ದರೆ ನಾನು ನಂಬುತ್ತಿದ್ದೆನೇ, ಅದೂ ಗೊತ್ತಿಲ್ಲ.

ನೀವು ದೊಡ್ಡವರಾದ ಮೇಲೆ ಓದಬೇಕೆಂದು ಇದನ್ನು ಬರೆಯಲು ಕೂತೆ. ಬರೆಯುತ್ತ ಬರೆಯುತ್ತ ತಿಳಿಯಿತು, ಮೊದಲು ಓದಬೇಕಾದವರು ನೀವಲ್ಲ. ನಾಳೆ ಕಸ್ತೂರಿ ಬರುತ್ತಾಳೆ. ಅವಳು ಸಾಲಿನ ಕೆಳಗೆ ಬೆರಳಿಟ್ಟು ನಿಧಾನ ಓದುತ್ತಾಳೆ, ಅದಕ್ಕೇ ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಅವಳು ಓದಿ ಮುಗಿಸುವವರೆಗೆ ನಾನು ಎದ್ದು ಹೋಗುವುದಿಲ್ಲ.