ಹೆಸರಿಡದ ಮಗುವಿನ ಫೋಟೋ

ಮನೆಮನೆಗೆ ಹೋಗಿ ಸಂಸಾರದ ಫೋಟೋ ತೆಗೆಯುವ ಹೆಂಗಸರಿಗೆ ನನ್ನದೊಂದು ಮಾತು: ಮೊದಲು ಮನೆಯ ಅಜ್ಜಿಯನ್ನು ಒಲಿಸಿಕೊಳ್ಳಿ, ಕ್ಯಾಮೆರಾ ಆಮೇಲೆ ತೆಗೆಯಿರಿ. ಅಪ್ಪ ಒಪ್ಪಿರುತ್ತಾನೆ, ಅಮ್ಮ ಮಗುವಿಗೆ ಪೌಡರ್ ಹಚ್ಚಿ ಕೂರಿಸಿರುತ್ತಾಳೆ. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಬಂದು ‘ಇವತ್ತು ಬೇಡ’ ಎಂದರೆ ಮುಗಿಯಿತು, ಕ್ಯಾಮೆರಾ ಚೀಲಕ್ಕೆ ವಾಪಸ್. ಇದನ್ನು ನನಗೆ ಮುಂಬಯಿ ಪಕ್ಕದ ಠಾಣೆಯ ಫೋಟೋಗ್ರಫಿ ಕ್ಲಾಸಿನಲ್ಲಿ ಯಾರೂ ಕಲಿಸಲಿಲ್ಲ.

ಆ ಕ್ಲಾಸಿಗೆ ಸೇರುವ ಮೊದಲು ನಾನು ಡೊಂಬಿವಲಿಯ ನಮ್ಮ ಮನೆಯಲ್ಲೇ ಸೀರೆ, ನೈಟಿ ಮಾರುತ್ತಿದ್ದೆ. ಚೌಕಾಸಿ ನನಗೆ ನೀರು ಕುಡಿದ ಹಾಗೆ. ಹತ್ತಿರದ ಕಲ್ಯಾಣ ಪೇಟೆಯಲ್ಲಿ ಮದುವೆ ಫೋಟೋ ತೆಗೆಯುವುದನ್ನು ಬಿಟ್ಟು ಊರಿಗೆ ಹೊರಟಿದ್ದ ಒಬ್ಬರ ಹತ್ತಿರ ಹಳೆಯ ಕ್ಯಾಮೆರಾ ಕೊಂಡೆ. ರೇಟು ಇಳಿಸಲು ಅವರು ಒಪ್ಪಲಿಲ್ಲ. ಹಾಗಾದರೆ ಅರ್ಧ ದಿನ ಕೂತು ನನಗೆ ಕಲಿಸಿಕೊಡಿ ಎಂದೆ. ಕಲಿಸಿದರು. ಕೊಡಲಾರೆ ಎಂದವರ ಹತ್ತಿರ ಅದನ್ನೇ ಮತ್ತೆ ಮತ್ತೆ ಕೇಳಬಾರದು, ಅದರ ಪಕ್ಕದಲ್ಲಿರುವುದನ್ನು ಕೇಳಬೇಕು. ಇದು ನನ್ನ ಪದ್ಧತಿ.

ಉಳಿದ ವಿದ್ಯೆ ಠಾಣೆಯ ಭಾನುವಾರದ ಕ್ಲಾಸಿನಲ್ಲಿ. ಮಗಳು ಆಗ ನಾಲ್ಕನೆಯ ಕ್ಲಾಸು, ಮಗ ಕೆ.ಜಿ. ಭಾನುವಾರವೂ ಬೆಳಿಗ್ಗೆ ಎದ್ದು ಅಡುಗೆ ಮುಗಿಸಿ, ವಾರದ ಬಟ್ಟೆ ನೆನೆಹಾಕಿ, ಸ್ಲೋ ಲೋಕಲ್ ಹಿಡಿಯುತ್ತಿದ್ದೆ. ಗಂಡನಿಗೆ ವಾರದಲ್ಲಿ ಅದೊಂದೇ ದಿನ ನಿದ್ದೆ. ಹಾಗಾಗಿ ಮಕ್ಕಳು ಪಕ್ಕದ ಮನೆಗೆ. ಅಲ್ಲಿ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳಿದ್ದಳು. ನಮ್ಮ ಹಾಗೆಯೇ ಉಡುಪಿ ಕಡೆಯವರು. ಅವಳ ಗಂಡ ಘಣಸೋಲಿಯ ಒಂದು ಹೋಟೆಲಿನಲ್ಲಿ ಕ್ಯಾಷಿಯರ್. ಹೋಟೆಲಿನವರಿಗೆ ಭಾನುವಾರವೇ ಹೆಚ್ಚು ಕೆಲಸ, ಆದ್ದರಿಂದ ಅವಳೂ ಒಬ್ಬಳೇ.

“ಬಿಟ್ಟು ಹೋಗಿ ಅಕ್ಕ, ನಂಗೂ ಮಾತಾಡ್ಲಿಕ್ಕೆ ಜನ ಆಯ್ತು” ಎನ್ನುತ್ತಿದ್ದಳು. ನನ್ನ ಮಕ್ಕಳು ಅವಳ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು, ಅವಳು ಪಟ್ಟು ಬಿಡದೆ ಕನ್ನಡದಲ್ಲೇ ಬೈಯುತ್ತಿದ್ದಳು. ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ನಾನು ಮೊದಲು ಪ್ರಯೋಗ ಮಾಡಿದ್ದು ಅವಳ ಮುಖದ ಮೇಲೆ. ಕಿಟಕಿಯ ಪಕ್ಕ ಕೂರಿಸಿ, ಬಿಳಿ ಥರ್ಮೋಕೋಲ್ ಹಾಳೆಯನ್ನು ಅವಳ ಮಡಿಲಲ್ಲೇ ಇಟ್ಟು, ಕೆನ್ನೆಯ ನೆರಳು ತೆಗೆಯುವುದು. “ನನ್ನ ಮೂತಿಯಲ್ಲೇ ನೀವು ಡಿಗ್ರಿ ಮಾಡಿದ್ರಿ” ಎಂದು ನಗುತ್ತಿದ್ದಳು.

ನಿಧಾನಕ್ಕೆ ಗಿರಾಕಿಗಳು ಬಂದರು. ಇಲ್ಲಿಯ ಗಂಡಸರು ಸೂರ್ಯ ಹುಟ್ಟುವ ಮೊದಲೇ ರೈಲು ಹತ್ತಿ ಮುಳುಗಿದ ಮೇಲೆ ಇಳಿಯುವವರು. ಇಡೀ ಸಂಸಾರ ಹಗಲು ಬೆಳಕಿನಲ್ಲಿ ಒಟ್ಟಿಗೆ ಸಿಗುವುದು ಅಪರೂಪ. ರೈಲ್ವೆಯವರು ದುರಸ್ತಿಗೆಂದು ರೈಲು ನಿಲ್ಲಿಸಿ ಮೆಗಾಬ್ಲಾಕ್ ಹಾಕುವ ಭಾನುವಾರ ಮಾತ್ರ ಯಾರೂ ಎಲ್ಲೂ ಹೋಗುವುದಿಲ್ಲ. ಶನಿವಾರದ ಪೇಪರಿನಲ್ಲಿ ಆ ಸುದ್ದಿ ಬಂದರೆ ಊರೆಲ್ಲ ಶಾಪ ಹಾಕುತ್ತಿತ್ತು, ನಾನು ಫೋನು ಎತ್ತಿಕೊಂಡು ಗಿರಾಕಿಗಳನ್ನು ಹಿಡಿಯುತ್ತಿದ್ದೆ. ಕ್ಲಾಸು ಮುಗಿದ ಮೇಲಿನ ಎರಡು ವರ್ಷ ನಾನು ನಡೆಸಿದ್ದು ಹೀಗೆ.

ಅಷ್ಟರಲ್ಲಿ ಪಕ್ಕದ ಮನೆಯವಳು ಬಸುರಿಯಾದಳು. ತವರಿನಲ್ಲಿ ತಾಯಿ ಇಲ್ಲದ ಕಾರಣ ಬಾಣಂತನಕ್ಕೆ ಅತ್ತೆಯೇ ಊರಿಂದ ಬರುವುದೆಂದಾಯಿತು. ಆದರೆ ಏಳು ತಿಂಗಳು ತುಂಬುವಷ್ಟರಲ್ಲೇ ನೋವು ಶುರುವಾಗಿ, ಕಲ್ಯಾಣದ ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ನನ್ನ ಅಂಗೈ ಮತ್ತು ಅರ್ಧ ಮುಂಗೈ ಸೇರಿದರೆ ಎಷ್ಟೋ ಅಷ್ಟು. ಅದನ್ನು ಪೇಟಿಯಲ್ಲಿಟ್ಟರು. ಗಾಜಿನ ಆ ಪೆಟ್ಟಿಗೆಗೆ ಇಲ್ಲಿ ಎಲ್ಲರೂ ಹೇಳುವುದು ಪೇಟಿ ಎಂದೇ. ಸುದ್ದಿ ತಿಳಿದು ಅತ್ತೆ ಸಿಕ್ಕಿದ ರೈಲಿನಲ್ಲಿ ಓಡಿಬಂದರು.

ಒಂದು ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿ, ಡಬ್ಬಿಯಲ್ಲಿ ಗಂಜಿ ತುಂಬಿಕೊಂಡು ನಾನು ಅಲ್ಲಿಗೆ ಹೋದೆ. ಚೀಲದಲ್ಲಿ ಕ್ಯಾಮೆರಾವೂ ಇತ್ತು, ಆಮೇಲೆ ಮುಂದಿನ ಸ್ಟೇಷನ್ ಶಹಾಡಿನಲ್ಲಿ ಒಂದು ಮನೆಗೆ ಫೋಟೋ ತೆಗೆಯಲು ಹೋಗಬೇಕಿತ್ತು. ಹೊರಗಿನ ಬೆಂಚಿನಲ್ಲಿ ಮೂವರೂ ಕೂತಿದ್ದರು. ಅವಳ ಗಂಡ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: ಶ್ವಾಸಕೋಶ ಬೆಳೆದಿಲ್ಲವಂತೆ, ಇನ್ನು ಒಂದೋ ಎರಡೋ ದಿನ ಎಂದರಂತೆ ಡಾಕ್ಟರು. ಹೆಂಡತಿಗೂ ಹೇಳಿಯಾಗಿತ್ತು.

ಅವಳು ಗಂಜಿಯ ಡಬ್ಬಿ ಮುಚ್ಚಳ ತೆರೆಯಲಿಲ್ಲ. ನನ್ನ ಚೀಲ ನೋಡಿದಳು.

“ಅಕ್ಕ, ಒಂದು ಫೋಟೋ ತೆಗೀರಿ. ನಮ್ಮ ಮೂವರದ್ದು. ಅವಳು ಇರುವಾಗ್ಲೇ.”

“ಬೇಡ” ಎಂದರು ಅತ್ತೆ. “ಹೆಸರಿಡದ ಮಗುವಿನ ಫೋಟೋ ತೆಗೆಯುದುಂಟಾ? ಆಯುಷ್ಯ ಕಮ್ಮಿ ಆಗ್ತದೆ.”

“ಇನ್ನೆಷ್ಟು ಕಮ್ಮಿ ಆಗ್ಲಿಕ್ಕುಂಟು ಅತ್ತೆ?”

ಅದನ್ನು ಅವಳು ಕೂಗಿ ಹೇಳಲಿಲ್ಲ, ಅಂಗಡಿಯಲ್ಲಿ ಲೆಕ್ಕ ಕೇಳಿದಂತೆ ಕೇಳಿದಳು. ಗಂಡ, “ಅಮ್ಮ ಹೇಳುದು ಎಂತ ಅಂದ್ರೆ...” ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದ.

ನನಗೆ ನನ್ನ ಪದ್ಧತಿ ನೆನಪಾಯಿತು. “ಹೆಸರಿಡದ ಮಗುವಿನದ್ದು ಬೇಡ, ಒಪ್ಪಿದೆ ಅಮ್ಮ. ಹೆಸರಿಟ್ಟ ಮಗುವಿನದ್ದು ಆಗ್ಬಹುದಲ್ಲ? ಈಗ್ಲೇ ಹೆಸರಿಟ್ಟುಬಿಡಿ.”

“ಮೈಲಿಗೆ ಕಳೀಲಿಲ್ಲ, ತೊಟ್ಟಿಲಿಲ್ಲ, ಸೋದರತ್ತೆ ಇಲ್ಲ. ಆಸ್ಪತ್ರೆಯಲ್ಲಿ ಹೆಸರಿಡುದಾ?”

“ಪೇಟಿಯೇ ತೊಟ್ಟಿಲು ಅಂದ್ಕೊಳ್ಳಿ. ಕಿವಿಯಲ್ಲಿ ಹೇಳ್ಲಿಕ್ಕೆ ನೀವಿದ್ದೀರಿ. ದೇವರು ಆಸ್ಪತ್ರೆಗೆ ಬರುದಿಲ್ಲ ಅಂತ ಯಾರು ಹೇಳಿದ್ದು?”

ವ್ಯಾಪಾರ ಕುದುರಿತು ಎಂದುಕೊಂಡೆ. ಅತ್ತೆ ಎದ್ದು, “ನೀನು ಸ್ವಲ್ಪ ಬಾ ಇಲ್ಲಿ” ಎಂದು ನನ್ನನ್ನು ಕಾರಿಡಾರಿನ ಕೊನೆಯ ಕಿಟಕಿಗೆ ಕರೆದೊಯ್ದರು. ಕೆಳಗೆ ಸ್ಟೇಷನ್ನಿಗೆ ಹೋಗುವ ರಿಕ್ಷಾಗಳ ಸಾಲು. ಅದನ್ನು ನೋಡುತ್ತಲೇ ಮಾತಾಡಿದರು.

“ಮಾತಿನಲ್ಲಿ ನಿನ್ನನ್ನು ಗೆಲ್ಲುವವರಿಲ್ಲ ಮಾರಾಯ್ತಿ. ಆದ್ರೆ ಒಂದು ತಿಳ್ಕೋ. ಇವನಿಗಿಂತ ಮೊದಲು ನಂಗೊಂದು ಹುಟ್ಟಿತ್ತು. ಅದೂ ಹೆಣ್ಣೇ. ಹೆಸರಿಡುವ ಮೊದಲೇ ಹೋಯ್ತು. ಮತ್ತೆ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಹೆಸರೇ ಇಲ್ಲದ್ದನ್ನು ಎತ್ತುದು ಹೇಗೆ? ಸ್ವಲ್ಪ ದಿನಕ್ಕೆ ನಾನು ನೇಜಿ ನೆಡ್ಲಿಕ್ಕೆ ಗದ್ದೆಗೆ ಇಳಿದೆ. ಹೆಸರಿಟ್ಟಿದ್ದಿದ್ರೆ ನಾನು ಹಾಸಿಗೆಯಿಂದ ಏಳ್ತಿರಲಿಲ್ಲ. ಇವಳು ಸಣ್ಣ ಪ್ರಾಯದವಳು. ಹೆಸರಿಟ್ರೆ ಕರೀತಾಳೆ. ಕರೆದ್ರೆ ಬರ್ಲಿಕ್ಕೆ ಯಾರುಂಟು?”

ಇದು ಮೂಢನಂಬಿಕೆ, ಸ್ವಲ್ಪ ಸವರಿದರೆ ಕರಗುತ್ತದೆ ಎಂದುಕೊಂಡಿದ್ದೆ. ಇವರು ತಮ್ಮ ಮೈಮೇಲೆ ಪರೀಕ್ಷಿಸಿ ನೋಡಿದ ಔಷಧಿಯನ್ನು ಸೊಸೆಗೆ ಕೊಡಲು ಬಂದಿದ್ದರು.

ಹಿಂದೆ ಚಪ್ಪಲಿ ಎಳೆಯುವ ಸದ್ದಾಯಿತು. ಸೊಸೆ ಗೋಡೆ ಹಿಡಿದುಕೊಂಡು ನಮ್ಮ ಹಿಂದೆಯೇ ಬಂದಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಅತ್ತೆ, ಹೆಸರು ನಾನು ಆಗ್ಲೇ ಇಟ್ಟಾಗಿದೆ. ಹೊಟ್ಟೆ ಕಾಣ್ಲಿಕ್ಕೆ ಮೊದಲೇ ಇಟ್ಟದ್ದು, ಗಂಡಿಗೂ ಹೆಣ್ಣಿಗೂ ಆಗುವ ಹೆಸರು. ಇವರು ಡ್ಯೂಟಿಗೆ ಹೋದ ಮೇಲೆ ಇಡೀ ದಿನ ಅದೇ ಹೆಸರು ಕರ್ಕೊಂಡು ಮಾತಾಡ್ತಿದ್ದೆ. ಇನ್ನು ಬಿಡ್ಲಿಕ್ಕೆ ಬರುದಿಲ್ಲ. ನೀವು ಅವಳ ಕಿವಿಯಲ್ಲಿ ಹೇಳುದೊಂದು ಬಾಕಿ.”

“ಎಂತ ಹೆಸರು?” ಎಂದು ಅತ್ತೆ ಕೇಳಿದರು. ಅವಳು ಹೇಳಿದಳು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವರ ಮನೆಯದು. ಅತ್ತೆ ಮೂಲೆಯ ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆದು ಸೆರಗು ಹೊದ್ದುಕೊಂಡರು.

ಡ್ಯೂಟಿಯಲ್ಲಿದ್ದ ಸಿಸ್ಟರ್ ಮರಾಠಿಯವರು. “ತಾಈ, ಫಕ್ತ ದೋನ್ ಮಿನಿಟ್” ಎಂದು ಗೋಗರೆದೆ. ಅವರು ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದು, ಎರಡು ನಿಮಿಷಕ್ಕೆ ಒಪ್ಪಿ, ಕ್ಯಾಮೆರಾ ಕಡೆ ಬೆರಳು ತೋರಿಸಿದರು: “ಫ್ಲಾಶ್ ನಾಹೀ ಹಾಂ.” ಫ್ಲಾಶ್ ನನ್ನ ಹತ್ತಿರ ಇರಲೂ ಇಲ್ಲ. ನನಗೆ ತೊಂದರೆಯಾದದ್ದು ಕಾಮಾಲೆಗೆಂದು ಪೇಟಿಯ ಮೇಲೆ ಹಾಕಿದ್ದ ನೀಲಿ ದೀಪದಿಂದ. ಅದರಡಿ ಮಗು, ತಾಯಿ, ಗೋಡೆ ಎಲ್ಲ ಒಂದೇ ಬಣ್ಣ. ಅದನ್ನು ಸ್ವಲ್ಪ ಆರಿಸಿಕೊಡಿ ಎಂದು ಕೇಳಿದೆ. ಆರಿಸಿದರು. ಆಗ ಮಬ್ಬು ಗಾಜಿನ ಕಿಟಕಿಯಿಂದ ಬೆಳಗಿನ ಮೆದು ಬೆಳಕು ಬಂತು. ಇಂಥ ಬೆಳಕಿಗಾಗಿ ನಾನು ಎಷ್ಟು ಮನೆಗಳಲ್ಲಿ ಪರದೆ ಎಳೆದು ಬಿಟ್ಟು ಒದ್ದಾಡಿದ್ದೆ.

ಸಿಸ್ಟರ್ ನಳಿಗಳ ಸಮೇತ ಮಗುವನ್ನು ಎತ್ತಿ, ಕುರ್ಚಿಯಲ್ಲಿ ಕೂತ ತಾಯಿಯ ಎದೆಯ ಮೇಲಿಟ್ಟರು. ಅವಳು ಮಗುವನ್ನು ಮುಟ್ಟಿದ್ದು ಅದೇ ಮೊದಲು. ಗಂಡ ಹಿಂದೆ ನಿಂತು, ಕೈ ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯ ಬೆನ್ನು ಹಿಡಿದ. ಅತ್ತೆ ಬಗ್ಗಿ, ಮಗುವಿನ ಕಿವಿಯ ಹತ್ತಿರ ಬಾಯಿ ತಂದು, ಮೂರು ಸಲ ಹೆಸರು ಹೇಳಿದರು.

ಹತ್ತಿರದ ಕಣ್ಣಿಗೆ ಫೋಕಸ್ ಮಾಡಬೇಕು ಎಂದು ಕ್ಲಾಸಿನಲ್ಲಿ ಕಲಿಸುತ್ತಾರೆ. ಮಗುವಿನ ಕಣ್ಣು ಮುಚ್ಚಿತ್ತು, ಮುಖದ ಅರ್ಧ ಭಾಗಕ್ಕೆ ಪಟ್ಟಿ ಅಂಟಿಸಿದ್ದರು. ನಾನು ಕಿವಿಗೆ ಫೋಕಸ್ ಮಾಡಿದೆ. ಅದರ ಮೇಲೆ ಮಾವಿನ ಹೂವಿನಷ್ಟು ನವಿರು ಕೂದಲು. ‘ಇತ್ತ ನೋಡಿ, ಸ್ವಲ್ಪ ನಗಿ’ ಎನ್ನುವುದು ನನಗೆ ಬಾಯಿಪಾಠ. ಅವತ್ತು ಬಟನ್ ಮಾತ್ರ ಒತ್ತಿದೆ. ಇಂಥ ಕಡೆ ಫೋಟೋ ತೆಗೆಯುವ ಸಂದರ್ಭ ನಿಮಗೂ ಬಂದರೆ, ಪ್ರತಿ ಸಲ ಕ್ಯಾಮೆರಾ ಇಳಿಸಿ ಸರಿಬಂತೇ ಎಂದು ನೋಡಬೇಡಿ. ಅವರ ನಿಮಿಷ ಅವರಿಗಿರಲಿ.

ಶಹಾಡಿಗೆ ಹೋಗಲಿಲ್ಲ. ಮಧ್ಯಾಹ್ನ ಮಗನ ಶಾಲೆಯ ಬಸ್ಸು ಬರುವ ಹೊತ್ತಿಗೆ ಗೇಟಿನಲ್ಲಿರಬೇಕಿತ್ತು, ಇದ್ದೆ. ಇಳಿದವನೇ, ಪಕ್ಕದ ಮನೆಯ ಮಗು ಯಾವಾಗ ಮನೆಗೆ ಬರುತ್ತದೆ ಎಂದು ಕೇಳಿದ: “ಮಮ್ಮಿ, ಆಂಟಿ ಕಾ ಬೇಬಿ ಘರ್ ಕಬ್ ಆಯೇಗಾ?” ಟಿಫಿನ್ ಡಬ್ಬಿ ತೆರೆದು ನೋಡಿ, ಉಪ್ಪಿಟ್ಟು ಯಾಕೆ ಉಳಿಸಿದೆ ಎಂದು ಅವನಿಗೆ ಬೈದೆ.

ಮಗು ಮರುದಿನ ಬೆಳಿಗ್ಗೆ ಹೋಯಿತು.

ನಮ್ಮ ಕಟ್ಟಡದಲ್ಲಿ ಎರಡು ಮನೆಗಳ ನಡುವೆ ಒಂದೇ ಇಟ್ಟಿಗೆಯ ಗೋಡೆ. ಅವರ ಮಿಕ್ಸರಿನ ಸದ್ದಿಗೆ ನಮ್ಮ ತಟ್ಟೆ ನಡುಗುತ್ತದೆ. ಆ ಗೋಡೆಯಾಚೆಯಿಂದ, ಸಂಜೆ ದೀಪ ಹಚ್ಚುವ ಹೊತ್ತಿಗೆ, ಅವಳು ಹೆಸರು ಹಿಡಿದು ಕರೆಯುವುದು ಕೇಳಿಸತೊಡಗಿತು. ಅಳು ಅಲ್ಲ. ಒಳಗಿನ ಕೋಣೆಯಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆದ ಹಾಗೆ. ನಾನು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ, ಮಕ್ಕಳಿಗೆ ಟಿ.ವಿ. ಜೋರಾಗಿ ಹಾಕಲು ಹೇಳುತ್ತಿದ್ದೆ. ಅತ್ತೆ ಹೇಳಿದಂತೆಯೇ ಆಗಿತ್ತು. ಆದರೆ ಅವರು ಒಂದು ದಿನವೂ ಅವಳನ್ನು ತಡೆದದ್ದು ನನಗೆ ಕೇಳಿಸಲಿಲ್ಲ.

ಕೆಲವು ವಾರಗಳ ನಂತರ ಅವಳೇ ಫೋಟೋ ಕೇಳಿದಳು. ಸ್ಟೇಷನ್ ಹತ್ತಿರದ ಲ್ಯಾಬಿಗೆ ಹೋದೆ. ಕಂಪ್ಯೂಟರಿನ ಮುಂದಿದ್ದವನು ಫೋಟೋ ತೆರೆದು ಉತ್ಸಾಹದಿಂದ, “ಮ್ಯಾಡಮ್, ಬೇಬಿ ಕೋ ಥೋಡಾ ಗೋರಾ ಕರ್ ದೂಂ? ನಳಿ ಭೀ ಹಟಾ ದೂಂಗಾ, ಫ್ರೀ ಮೇ” ಎಂದ. ಫ್ರೀ ಎಂದರೆ ನಾನು ಬಿಡುವವಳಲ್ಲ, ಅವನಿಗೂ ಅದು ಗೊತ್ತು. ಬೆಳ್ಳಗೆ ಮಾಡುವುದೂ ಬೇಡ, ನಳಿ ಅಳಿಸುವುದೂ ಬೇಡ, ಇದ್ದ ಹಾಗೇ ತೆಗೆ ಎಂದು ಹೇಳಿ, ಪ್ರಿಂಟ್ ಹೊರಬರುವವರೆಗೆ ಅವನ ಪಕ್ಕದಲ್ಲೇ ಕೂತೆ.

ಅವಳು ಫೋಟೋವನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದಳು. “ಕಿವಿ ಇವರದ್ದೇ” ಎಂದಳು. ಮಗು ಹೋದ ಮೇಲೆ ಅವಳ ಮುಖದಲ್ಲಿ ನಗುವಿನಂಥದ್ದು ಕಂಡದ್ದು ಆಗಲೇ. ಗೋಡೆಗೆ ತೂಗುಹಾಕಬೇಡ, ಬಂದವರೆಲ್ಲ ಕೇಳುತ್ತಾರೆ ಎಂದು ನಾನು ಬುದ್ಧಿ ಹೇಳಿದೆ. “ಕೇಳ್ಲಿ ಅಕ್ಕ. ಹೆಸರು ಹೇಳ್ತೇನೆ” ಎಂದು ಅದನ್ನು ದೇವರ ಫೋಟೋಗಳಿಂದ ಸ್ವಲ್ಪ ದೂರದಲ್ಲಿ ತೂಗುಹಾಕಿದಳು.

ಅತ್ತೆ ಊರಿಗೆ ಹೊರಡುವ ದಿನ ಅವರ ಮಗನಿಗೆ ಹೋಟೆಲಿನಲ್ಲಿ ರಜೆ ಸಿಗಲಿಲ್ಲ. ಠಾಣೆಯಲ್ಲಿ ಊರಿನ ರೈಲು ಹತ್ತಿಸಲು ನಾನೇ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಗಂಟುಮೂಟೆಯ ಮೇಲೆ ಕೂತು ಅವರು ಕೇಳಿದರು: “ಆ ಫೋಟೋ ನಂಗೊಂದು ಸಿಗ್ತದಾ?”

ಸಿಗುತ್ತದೆ ಎಂದೆ. ಅದರಲ್ಲಿ ನೀವು ಬಗ್ಗಿದ್ದೀರಿ, ನಿಮ್ಮ ಮುಖ ಕಾಣುವುದಿಲ್ಲ, ಬೇರೆ ಬೇಕಾದರೆ ಹುಡುಕುತ್ತೇನೆ ಎಂದೂ ಹೇಳಿದೆ.

“ನನ್ನ ಮುಖ ಯಾರಿಗೆ ಬೇಕು? ಮಗು ಕಂಡ್ರೆ ಆಯ್ತು.” ರೈಲು ಬರುವ ದಿಕ್ಕಿಗೆ ಕತ್ತು ಚಾಚಿ ನೋಡಿದರು. “ನನ್ನ ಆ ಮಗುವಿಗೂ ಅದೇ ಫೋಟೋ ಆಯ್ತು. ಎರಡಕ್ಕೂ ಒಂದೇ ಸಾಕು.”

ನನಗೆ ಗೊತ್ತಿದ್ದದ್ದನ್ನೇ ಹೇಳಿದೆ. ಊರಲ್ಲಿ ಮಳೆಗಾಲಕ್ಕೆ ಫೋಟೋಗೆ ಬೂಸ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಕ್ಕಿ ಡಬ್ಬಿಯ ಹತ್ತಿರ ಒಣಗಿದ ಜಾಗದಲ್ಲಿಡಿ, ಹೀಗಿಟ್ಟರೆ ಎಷ್ಟು ವರ್ಷವಾದರೂ ಹಾಳಾಗುವುದಿಲ್ಲ.

“ಅಷ್ಟೆಲ್ಲ ಎಂತಕ್ಕೆ?” ಎಂದರು. “ನಾನಿರುವಷ್ಟು ದಿನ ಇದ್ರೆ ಸಾಕು.”